ಕೋಡಿ ಬಿದ್ದ ದಿನ ಬರ್ತೀನಿ

ಮಳೆ ಬೆಳಗಿನಿಂದ ಹಿಡಿದದ್ದು ಬಿಟ್ಟಿರಲಿಲ್ಲ. ತೋಫೀಸ್ ಗಂಬೂಟು ಹಾಕಿಕೊಂಡು, ರಸಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು, ತನ್ನ ಕಿತ್ತಳೆ ತೋಟಕ್ಕೆ ನೀರು ಹಾಯಿಸುತ್ತಿದ್ದ.

ನೀರಗಂಟಿ ಕೋಕೋಸ್ ತನ್ನ ಪಿಕಪ್ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಕಿಟಕಿಯ ಗಾಜನ್ನು ಒಂಚೂರು ಇಳಿಸಿ ಸುಮ್ಮನೆ ನೋಡಿದ. ಅಣೆಕಟ್ಟಿನ ನೀರನ್ನು ಆ ಕಣಿವೆಯ ತೋಟಗಳಿಗೆ ಬಿಡುವುದು, ಕಟ್ಟುವುದು ಅವನ ಕೆಲಸ. ಬೇಸಿಗೆಯಲ್ಲಿ ಜನ ನೀರಿಗಾಗಿ ಅವನ ಕಾಲು ಹಿಡಿದಿದ್ದರು, ಕೊರಳಪಟ್ಟಿಯನ್ನೂ ಹಿಡಿದಿದ್ದರು. ಇಂಥದ್ದನ್ನು ಮಾತ್ರ ಅವನು ನೋಡಿರಲಿಲ್ಲ.

“ತೋಫೀಸಣ್ಣಾ, ಮಳೆ ಬರ್ತಾ ಇದೆ.”

“ಗೊತ್ತು. ನೆನೀತಾ ಇದೀನಿ.”

“ನಲ್ಲಿ ತೆಗೆದಿದೀಯ.”

“ಅದೂ ಗೊತ್ತು. ನಾನೇ ತೆಗೆದಿದ್ದು.”

“ಗಿಡಕ್ಕೆ ಇದು ಸಾಕಾಗ್ತಿಲ್ವಾ?”

“ಗಿಡ ನಂದು, ನಲ್ಲಿ ನಂದು. ಚಳಿಗಾಲ್ದಲ್ಲಿ ನೀರು ತಗೋಬಾರ್ದು ಅಂತ ಎಲ್ಲಾದ್ರೂ ಬರೆದಿದ್ರೆ ತಂದು ತೋರ್ಸು.”

ಕೋಕೋಸ್ ಯೋಚಿಸಿದ. ಎಲ್ಲೂ ಬರೆದಿರಲಿಲ್ಲ. ಇಂಥ ಮನುಷ್ಯನೂ ಇರಬಹುದು ಎಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

“ಬರೆದಿಲ್ಲಪ್ಪ. ಆದ್ರೆ ಒಂದು ಮಾತು ಹೇಳ್ತೀನಿ. ಮೇಲೆ ಒಂದು ಸಮುದ್ರ ನಿಂತಿದೆ. ನೀನು ಅದನ್ನ ಈ ತೋಳುದಪ್ಪದ ಪೈಪಲ್ಲಿ ಇಳಿಸ್ತೀಯಾ?”

“ಯಾರಪ್ಪ ಇಳಿಸ್ತಿರೋದು? ನಾನು ತೋಟಕ್ಕೆ ನೀರು ಹಾಯಿಸ್ತಿದೀನಿ.”

“ಸರಿ. ಕೋಡಿಗೆ ಇನ್ನು ಎರಡು ಮೊಳ ಇದೆ. ನೀನು ಕೇಳಲಿಲ್ಲ, ನಾನಾಗೇ ಹೇಳ್ದೆ.”

ಗಾಡಿ ಹೋಯಿತು. ತೋಫೀಸ್ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಲು ನೋಡಿದ. ಅದು ಆಗಲೇ ಪೂರ್ತಿ ತೆರೆದಿತ್ತು.

ಈ ಹುಚ್ಚಿಗೆ ಕಾರಣ ಒಂದು ಆಲಿವ್ ಮರ. ಸೈಪ್ರಸ್ಸಿನ ಬೆಟ್ಟದ ಸೀಮೆಯ ಹಳೇ ಊರುಗಳ ಹಾಗೆ ಅರ್ಕೊಲ್ಯದಲ್ಲೂ ಹೊಲ ಒಬ್ಬನದಾದರೆ ಅದರಲ್ಲಿರುವ ಮರ ಇನ್ನೊಬ್ಬನದು, ಅಲ್ಲಿ ಹರಿಯುವ ನೀರು ಮತ್ತೊಬ್ಬನದು. ಮಗನಿಗೆ ನೆಲ ಕೊಟ್ಟು ಮಗಳಿಗೆ ಅದೇ ನೆಲದ ನಾಲ್ಕು ಮರ ಕೊಟ್ಟು, ಗುರುವಾರದ ಸರದಿಯ ನೀರನ್ನು ಸೋದರತ್ತೆಗೆ ಬರೆದು ಕಣ್ಣು ಮುಚ್ಚಿದವರ ಊರು ಅದು. ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ. ತೋಫೀಸನ ಅಪ್ಪನೂ ಹಾಗೇ ಮಾಡಿದ. ಮೇಲಿನ ನೆಲವನ್ನು ತೋಫೀಸನಿಗೆ ಕೊಟ್ಟ. ಕೆಳಗಿನ ನೆಲವನ್ನೂ ಅದಕ್ಕೆ ಅಂಟಿಕೊಂಡಿದ್ದ ಮನೆಯನ್ನೂ ಚಿಕ್ಕವನು ಪಿಯೆರೀಸನಿಗೆ ಕೊಟ್ಟ. ಆದರೆ ಕೆಳಗಿನ ನೆಲದ ನಟ್ಟನಡುವೆ ನಿಂತಿದ್ದ ದೊಡ್ಡ ಆಲಿವ್ ಮರವನ್ನು, ದೊಡ್ಡ ಮಗನಿಗೆ ದೊಡ್ಡ ಮರ ಎಂದು ತೋಫೀಸನಿಗೇ ಬಿಟ್ಟ.

ವರ್ಷಕ್ಕೊಮ್ಮೆ ತೋಫೀಸ್ ತಮ್ಮನ ಹೊಲಕ್ಕೆ ಇಳಿದು, ಬಟ್ಟೆ ಹಾಸಿ, ಕೋಲಿನಿಂದ ಕಾಯಿ ಉದುರಿಸಿ, ತಮ್ಮನ ಹೆಂಡತಿ ಎಲೆಂಗು ಮಾಡಿದ ಅಡುಗೆ ಉಂಡು, ಚೀಲ ಹೊತ್ತು ಮೇಲೆ ಬರುತ್ತಿದ್ದ. ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಅಣೆಕಟ್ಟು ಬಂತು. ಎಲ್ಲರೂ ಕಿತ್ತಳೆ ಹಾಕಿದರು. ಪಿಯೆರೀಸ್ ಆಲಿವ್ ಮರದ ಸುತ್ತಲೂ ಹಾಕಿದ, ಬೇಸಿಗೆ ಪೂರ್ತಿ ನೀರು ಬಿಟ್ಟ. ಬಾಯಾರಿಕೆಯಲ್ಲೇ ಹುಟ್ಟಿ ಬೆಳೆದ ಮರ ಅದು. ಮೊದಲ ವರ್ಷ ಎಲೆ ಹಳದಿಯಾಯಿತು, ಆಮೇಲೆ ಬೇರು ಕೊಳೆತು ನಿಂತಲ್ಲೇ ಸತ್ತಿತು. ತೋಫೀಸ್ ಕಾಫಿ ಅಂಗಡಿಯಲ್ಲಿ ಎಲ್ಲರ ಮುಂದೆ ತಮ್ಮನನ್ನು ಹಿಡಿದುಕೊಂಡ.

“ನನ್ನ ಮರಾನ ನೀರಲ್ಲಿ ಮುಳುಗ್ಸಿ ಸಾಯ್ಸಿದೆ ಕಣೋ.”

“ಮರ ನಿಂದು, ನೀರು ನಂದು,” ಎಂದ ಪಿಯೆರೀಸ್, ಕೈಯಲ್ಲಿದ್ದ ಇಸ್ಪೀಟೆಲೆಯಿಂದ ತಲೆ ಎತ್ತದೆ. “ನನ್ನ ನೀರು ಕುಡೀಬೇಡ ಅಂತ ನಿನ್ನ ಮರಕ್ಕೆ ನೀನು ಹೇಳ್ಬೇಕಿತ್ತು.”

ಅಂಗಡಿ ಪೂರ್ತಿ ನಕ್ಕಿತು. ನಗದೇ ಇದ್ದಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ. ತೋಫೀಸ್ ಕುರ್ಚಿ ಒದ್ದು ಎದ್ದ.

“ಆ ಅಣೆಕಟ್ಟು ಕೋಡಿ ಬಿದ್ದ ದಿನ ನಿನ್ನ ಹೊಸ್ತಿಲು ತುಳೀತೀನಿ. ಅಲ್ಲೀತನಕ ಇಲ್ಲ. ಎಲ್ಲಾರೂ ಕೇಳಿಸ್ಕೊಂಡ್ರಾ?”

ಎಲ್ಲರೂ ಕೇಳಿಸಿಕೊಂಡರು. ಆಗ ಅಣೆಕಟ್ಟಿನ ಒಳಗೆ, ನೀರು ಬಾರದ ಅರ್ಧದಲ್ಲಿ, ಮೇಕೆ ಮೇಯುತ್ತಿದ್ದವು. ರಾಜಧಾನಿಯಿಂದ ಬಂದ ಎಂಜಿನಿಯರು ಬೇರೆ ಯಾವುದೋ ಹೊಳೆಯನ್ನು ಅಳೆದು ತಪ್ಪಿ ಇಲ್ಲಿ ಕಟ್ಟಿಬಿಟ್ಟಿದ್ದಾನೆ ಎಂಬುದು ಊರಿನ ಅಭಿಪ್ರಾಯವಾಗಿತ್ತು. ಅರ್ಧ ತುಂಬಿದ್ದೇ ಹೆಚ್ಚು, ಕೋಡಿ ಬೀಳುವ ಮಾತು ದೂರ. ಹಾಗಾಗಿ ತೋಫೀಸ್ ಹೇಳಿದ್ದಕ್ಕೆ ಎಂದೆಂದಿಗೂ ಇಲ್ಲ ಎಂದೇ ಅರ್ಥ.

ಆ ಅರ್ಥದಲ್ಲೇ ಮಾತು ಊರಿನಲ್ಲಿ ಬಳಕೆಗೆ ಬಂತು. ಏಣಿ ಯಾವಾಗ ವಾಪಸ್ ಕೊಡ್ತೀಯ ಎಂದರೆ, ತೋಫೀಸ್ ತಮ್ಮನ ಮನೆಗೆ ಹೋದಾಗ. ಮಗ ಯಾವಾಗ ಕೆಲಸಕ್ಕೆ ಸೇರ್ತಾನೆ ಎಂದರೆ, ತೋಫೀಸ್ ತಮ್ಮನ ಮನೆಗೆ ಹೋದಾಗ. ಒಂದು ಸಲ ದೂರದ ಪಟ್ಟಣದ ಸಂತೆಯಲ್ಲಿ, ಗುರುತಿಲ್ಲದ ವ್ಯಾಪಾರಿಯೊಬ್ಬ ತೋಫೀಸನಿಗೇ ಈ ಮಾತು ಹೇಳಿದ. ಬೆಲೆ ಇಳಿಸುತ್ತೀಯಾ ಎಂದು ಕೇಳಿದ್ದಕ್ಕೆ. ತೋಫೀಸ್ ಏನೂ ಅನ್ನದೆ ಪೂರ್ತಿ ಬೆಲೆ ಕೊಟ್ಟು ಬಂದ. ಅವನು ಬಾಯಿ ಮುಚ್ಚಿಕೊಂಡಿದ್ದು ಆವತ್ತು ಮಾತ್ರ.

ಅವತ್ತಿನ ಕೈಗೂಸುಗಳು ಮದುವೆಗೆ ಬಂದಷ್ಟು ವರ್ಷ ಹೀಗೇ ಕಳೆಯಿತು. ಅಣ್ಣ ತಮ್ಮ ಚರ್ಚಿನಲ್ಲಿ ಬೇರೆ ಬೇರೆ ಕಂಬದ ಹತ್ತಿರ ನಿಲ್ಲುತ್ತಿದ್ದರು. ಈ ಚಳಿಗಾಲದಲ್ಲಿ ಮಳೆ ಶುರುವಾಯಿತು, ನಿಲ್ಲುವುದನ್ನು ಮರೆಯಿತು.

ಮಧ್ಯಾಹ್ನ ತೋಫೀಸ್ ಕಾಫಿ ಅಂಗಡಿಗೆ ಹೋದ. ಅಂಗಡಿಯ ಆರ್ಗಿರೋಸ್ ಕೇಳದೆಯೇ ಕಾಫಿ ತಂದಿಟ್ಟು, ಕೈ ಒರೆಸಿಕೊಂಡ.

“ತೋಫೀಸಣ್ಣಾ, ಊರಿನವರು ಒಂದು ತೀರ್ಮಾನ ಮಾಡಿದೀವಿ. ಕೋಡಿ ಬಿದ್ದ ದಿನ ಅಲ್ಲೇ ಮೇಲೆ ಒಲೆ ಹೂಡಿ ಹಂದಿಮಾಂಸ ಸುಡೋದು. ತಿಂದು ಎಲ್ಲಾರೂ ನಿನ್ನ ಹಿಂದೆ ಪಿಯೆರೀಸನ ಮನೇತನಕ ನಡ್ಕೊಂಡು ಬರೋದು. ಪಿಟೀಲಿನವನಿಗೂ ಹೇಳಿದೀವಿ.”

“ಪಿಟೀಲು ಯಾಕೆ? ನನ್ನ ಹೆಣ ಎತ್ತಕ್ಕಾ?”

“ಮದುವೆ ಗಂಡನ್ನ ಕರ್ಕೊಂಡು ಹೋದ ಹಾಗೆ ಕರ್ಕೊಂಡು ಹೋಗ್ತೀವಿ ಅಣ್ಣ. ನೀನೇನೂ ಕೆಲಸ ಮಾಡ್ಬೇಕಾಗಿಲ್ಲ. ಬರೀ ಮುಂದೆ ನಡೆದರೆ ಆಯ್ತು.”

ಮೂಲೆಯಲ್ಲಿ ಪಾದ್ರಿಗಳು ಕೂತಿದ್ದರು. ಹಿಂದಿನ ಶರತ್ಕಾಲದಲ್ಲಿ ಸಂತನ ಪಟ ಹೊತ್ತು ಹೊಲದ ದಾರಿಯಲ್ಲಿ ಮಳೆಗಾಗಿ ಪ್ರಾರ್ಥನೆ ನಡೆಸಿದವರು ಅವರೇ. ತೋಫೀಸ್ ಅವರ ಕಡೆ ತಿರುಗಿದ.

“ಪಾದ್ರಿಗಳೇ, ಇಷ್ಟನ್ನ ಕೇಳಕ್ಕೆ ನಿಮಗೆ ಯಾರು ಹೇಳಿದ್ದು?”

“ಮಳೆ ಬೇಕು ಅಂತ ಕೇಳಿದ್ದು ನಿಜಪ್ಪ,” ಎಂದರು ಪಾದ್ರಿಗಳು, ಗಡ್ಡದ ಮೇಲಿನ ರೊಟ್ಟಿಪುಡಿ ಒದರುತ್ತ. “ಎಷ್ಟು ಅಂತ ಹೇಳೋದು ಮರೆತೆ.”

“ಈಗ ಸಾಕು ಅಂತ ಹೇಳಿ.”

“ಅದಕ್ಕೆ ಬೇರೆ ಪ್ರಾರ್ಥನೆ ಇಲ್ಲ. ನಮ್ಮ ದ್ವೀಪದಲ್ಲಿ ಅದರ ಅಗತ್ಯ ಯಾವತ್ತೂ ಬಿದ್ದಿಲ್ಲ.”

ತೋಫೀಸ್ ಕಾಫಿ ಕುಡಿಯದೆ ಎದ್ದು ಬಂದ.

ಮನೆಯಲ್ಲಿ ಹೆಂಡತಿ ಮಿರೊಫೋರಾ ಗೋಧಿ ಮೊಸರಿನ ತ್ರಹನಾ ಗಂಜಿಗೆ ಹಲೂಮಿ ಚೀಸಿನ ತುಂಡು ಹಾಕಿ ಮುಂದಿಟ್ಟಳು. ಕುರ್ಚಿಯ ಬೆನ್ನಿಗೆ ಅವನ ಬಿಳಿ ಅಂಗಿ ಇಸ್ತ್ರಿಯಾಗಿ ತೂಗುತ್ತಿತ್ತು.

“ಇದ್ಯಾಕೆ ಇಲ್ಲಿ?”

“ಇರ್ಲಿ ಅಂತ.”

“ಯಾರು ಸತ್ತಿದಾರೆ?”

“ಯಾರೂ ಸತ್ತಿಲ್ಲ. ಬರೀ ಕೈಲೂ ಹೋಗಕ್ಕಾಗಲ್ಲ ನೋಡಿ. ಆಲಿವ್ ಹಾಕಿ ರೊಟ್ಟಿ ಮಾಡ್ಬಿಡ್ತೀನಿ. ಎಲೆಂಗುಗೆ ಇಷ್ಟ.”

“ಎಲೆಂಗುಗೆ ಏನಿಷ್ಟ ಅಂತ ನಿಂಗೆ ಹೇಗೆ ಗೊತ್ತು?”

ಮಿರೊಫೋರಾ ಅವನನ್ನು, ಈಗಷ್ಟೇ ಊರಿಗೆ ಬಂದಿಳಿದವನನ್ನು ನೋಡುವ ಹಾಗೆ ನೋಡಿದಳು. “ದಿನಾ ಬೇಲಿ ಹತ್ರ ಮಾತಾಡ್ತೀವಲ್ಲ. ಜಗಳ ಆಡಿದ್ದು ನೀವು. ನಮಗೆ ಯಾರೂ ಆಡಿ ಅಂತ ಹೇಳ್ಲಿಲ್ಲ.”

ತೋಫೀಸ್ ಗಂಜಿ ಉಣ್ಣುತ್ತ ಕೂತ. ಸ್ವಲ್ಪ ಹೊತ್ತಿಗೆ, ಚಮಚವನ್ನು ನೋಡುತ್ತಲೇ ಕೇಳಿದ.

“ಅವನೇನಂತಾನೆ?”

“ಯಾರು?”

“ಯಾರೂ ಇಲ್ಲ.”

“ಪಿಯೆರೀಸ್ ಏನೂ ಅಂದಿಲ್ಲ. ನಿಮ್ಮಣ್ಣ ಬಂದ್ರೆ ಏನ್ಮಾಡ್ತೀರ ಅಂತ ಎಲೆಂಗು ಕೇಳಿದ್ಲಂತೆ. ಎದ್ದು ಮೇಕೆಗೆ ಹುಲ್ಲು ಹಾಕಕ್ಕೆ ಹೋದ್ನಂತೆ.”

ತೋಫೀಸನನ್ನು ತಿನ್ನುತ್ತಿದ್ದದ್ದು ಇದೇ. ಆಣೆ ಮಾಡಿದ್ದು ಅವನು. ಪಿಯೆರೀಸ್ ಯಾವ ಆಣೆಯನ್ನೂ ಮಾಡಿರಲಿಲ್ಲ. ಕೋಡಿ ಬಿದ್ದರೆ ತೋಫೀಸ್ ಹೋಗಲೇಬೇಕು. ಹೋಗದಿದ್ದರೆ ಮಾತಿಗೆ ತಪ್ಪಿದವನು. ಹೋದರೆ, ಹಿಂದೆ ಇಡೀ ಊರು, ಬಾಯಲ್ಲಿ ಸುಟ್ಟ ಮಾಂಸ, ಪಕ್ಕದಲ್ಲಿ ಪಿಟೀಲು. ಇವನು ಬಿಳಿ ಅಂಗಿ ಹಾಕಿಕೊಂಡು, ರೊಟ್ಟಿ ಹಿಡಿದು, ಬಾಗಿಲು ತಟ್ಟಿ ನಿಲ್ಲುತ್ತಾನೆ. ಒಳಗಿನವನು ಬಾಗಿಲು ತೆಗೆಯದಿದ್ದರೆ? ಮರುದಿನದಿಂದ ಊರಿನ ಬಾಯಲ್ಲಿ ಹೊಸದೊಂದು ಮಾತು ಓಡಾಡುತ್ತದೆ, ಅದು ಮೊದಲಿನದಕ್ಕಿಂತ ಕೆಟ್ಟದ್ದಾಗಿರುತ್ತದೆ. ಇದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಗಂಜಿಗೆ ಉಪ್ಪು ಕಮ್ಮಿ ಎಂದ.

“ಉಪ್ಪು ಸರಿಯಾಗಿದೆ,” ಎಂದಳು ಮಿರೊಫೋರಾ.

ಮರುದಿನ ಅವನು ನಲ್ಲಿಯ ತಲೆಯನ್ನೇ ಬಿಚ್ಚಿ ಪಕ್ಕಕ್ಕಿಟ್ಟ. ನೀರು ಆಳೆತ್ತರ ಚಿಮ್ಮಿ ಬಿತ್ತು. ತೋಫೀಸ್ ನ್ಯಾಯಸ್ಥ. ತನ್ನ ನೀರಿನ ಒಂದು ಹನಿಯೂ ತಮ್ಮನ ನೆಲಕ್ಕೆ ಇಳಿಯಬಾರದೆಂದು ತೋಟದ ಕೆಳಗಿನ ಬದುವನ್ನು ಸೊಂಟದೆತ್ತರ ಏರಿಸಿದ್ದ. ಹಾಗಾಗಿ ನೀರು ಎಲ್ಲೂ ಹೋಗಲಿಲ್ಲ. ಕೊಯ್ಲಿಗೆ ಬಂದ ಕಿತ್ತಳೆ ಗಿಡಗಳು ಮೊಣಕಾಲಿನವರೆಗೆ ಮುಳುಗಿ ನಿಂತವು. ಉದುರಿದ ಹಣ್ಣು ಬಾತುಕೋಳಿಗಳ ಹಾಗೆ ತೇಲತೊಡಗಿತು.

ಮಿರೊಫೋರಾ ಬುಟ್ಟಿ ಹಿಡಿದು ಬಂದವಳು ಅಂಚಿನಲ್ಲೇ ನಿಂತಳು.

“ನಂಗೊಂದು ದೋಣಿ ತಂದ್ಕೊಡಿ.”

“ತಮಾಷೆ ಮಾಡ್ಬೇಡ.”

“ತಮಾಷೆ ಅಲ್ಲ. ಹಣ್ಣು ಕೀಳಕ್ಕೆ.”

ಕೋಕೋಸನ ಗಾಡಿ ಬಂತು. ಅವನು ಈ ಸಲ ಕಿಟಕಿಯನ್ನು ಪೂರ್ತಿ ಇಳಿಸಿದ, ಮಳೆ ಮುಖಕ್ಕೆ ಬಿದ್ದರೂ ಬೀಳಲಿ ಎಂದು.

“ತೋಫೀಸಣ್ಣಾ, ಮೇಲಿನ ಸಾಹೇಬರಿಗೆ ನಿನ್ನ ಮೇಲೆ ಭಾರಿ ಪ್ರೀತಿ ಬಂದಿದೆ. ಚಳಿಗಾಲ್ದಲ್ಲೂ ನೀರು ಬಳಸೋ ಮಾದರಿ ರೈತ ಅಂತಿದಾರೆ. ಯಾವ ಬೆಳೆಗೆ ಅಂತ ಕೇಳಿದ್ರು.”

“ನೀನೇನಂದೆ?”

“ಭತ್ತ ಅಂದೆ.”

“ಎಷ್ಟಿದೆ ಈಗ?”

“ಒಂದು ಗೇಣು. ಸಾಯಂಕಾಲದೊಳಗೆ ಬಿದ್ರೂ ಬಿತ್ತು. ಮೇಲೆ ಒಲೆಗೆ ಇದ್ದಿಲು ಹಾಕ್ತಿದಾರೆ. ಛತ್ರಿ ಹಿಡ್ಕೊಂಡು.”

ಒಂದು ಗೇಣು ಎಂದು ಕೇಳಿ ತೋಫೀಸನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇನ್ನು ಬಿಚ್ಚಲು ಬೇರೆ ನಲ್ಲಿಯೂ ಇರಲಿಲ್ಲ. ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತು ಅಣೆಕಟ್ಟಿನ ದಿಕ್ಕಿಗೆ ನೋಡಿದ. ಮಳೆಯಲ್ಲಿ ಏನೂ ಕಾಣಲಿಲ್ಲ. ಅವನು ಅಲ್ಲಿ ನೋಡುತ್ತಿದ್ದಾಗ ಇಲ್ಲಿ, ಅವನ ಕಾಲಿನಿಂದ ಸ್ವಲ್ಪ ಆಚೆ, ಬದು ಮೆಲ್ಲಗೆ ಕುಸಿಯಿತು. ಅವಸರವೇನೂ ಇಲ್ಲದೆ, ಕೂತವನು ಎದ್ದು ಹೋದ ಹಾಗೆ.

ಇಡೀ ತೋಟದ ನೀರು ಒಂದೇ ಬಾರಿಗೆ ಕೆಳಗಿಳಿಯಿತು. ಕಿತ್ತಳೆ ಹಣ್ಣುಗಳನ್ನೂ ಕರೆದುಕೊಂಡು ಹೋಯಿತು. ಪಿಯೆರೀಸನ ಗಿಡಗಳ ನಡುವೆ ನುಗ್ಗಿ, ಅವನ ಅಂಗಳ ಹೊಕ್ಕು, ಮನೆಯ ಪಕ್ಕದ ಮೇಕೆ ದೊಡ್ಡಿಯ ತಗಡಿಗೆ ಬಡಿಯಿತು. ಮೇಕೆಗಳು ಕಿರುಚಿದವು. ಎಲೆಂಗು ಅವಕ್ಕಿಂತ ಜೋರಾಗಿ ಕಿರುಚಿದಳು.

“ಅಯ್ಯೋ ಮರಿಗಳು! ಮರಿಗಳು ರೀ! ಯಾರಾದ್ರೂ ಬನ್ರೋ!”

ತೋಫೀಸ್ ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಬದುವಿನ ಮೇಲೇ ನಿಂತಿರುತ್ತಿದ್ದ. ಗುದ್ದಲಿ ಎಸೆದು, ಕೆಸರಲ್ಲಿ ಅರ್ಧ ಓಡಿ ಅರ್ಧ ಜಾರಿ, ದೊಡ್ಡಿಗೆ ಹೋಗಿ ನಿಂತ. ಪಿಯೆರೀಸ್ ಆಗಲೇ ಸೊಂಟದ ಮಟ್ಟದ ನೀರಿನಲ್ಲಿದ್ದ, ಎರಡು ಕಂಕುಳಲ್ಲಿ ಎರಡು ಮರಿ. ಅಣ್ಣನನ್ನು ನೋಡಿದ. ಒಂದು ಮರಿಯನ್ನು ಅವನ ಎದೆಗೆ ಒತ್ತಿದ.

“ಹಿಡ್ಕೋ.”

ಇಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಇದು.

ತೋಫೀಸ್ ಹಿಡಿದುಕೊಂಡ. ಇನ್ನೊಂದನ್ನೂ ಹಿಡಿದುಕೊಂಡ. ನೀರು ಹೊಗದ ಜಾಗ ಅಲ್ಲಿ ಒಂದೇ ಇತ್ತು. ಎಲೆಂಗು ಅಡುಗೆಮನೆಯ ಬಾಗಿಲು ಹಾರುಹೊಡೆದು ನಿಂತು “ಇಲ್ಲಿ, ಇಲ್ಲಿ” ಎನ್ನುತ್ತಿದ್ದಳು. ಅವನು ಒಳಗೆ ಹೋದ, ಮರಿಗಳನ್ನು ಒಲೆಯ ಮುಂದೆ ಇಳಿಸಿದ, ಹೊರಗೆ ಬಂದ, ಮತ್ತೆ ಹೊತ್ತು ಒಳಗೆ ಹೋದ. ಹೀಗೆ ಎಷ್ಟೋ ಸಲ. ದೊಡ್ಡ ಹೋತವನ್ನು ಅಣ್ಣ ತಮ್ಮ ಇಬ್ಬರೂ ಮುಂದೊಬ್ಬ ಹಿಂದೊಬ್ಬ ಹಿಡಿದು, ಬೈಯುತ್ತ ತಂದರು. ಬೈದದ್ದು ಹೋತವನ್ನು.

ಎಲ್ಲ ಮುಗಿದ ಮೇಲೆ ತೋಫೀಸ್ ಗೋಡೆಗೆ ಒರಗಿ ಏದುಸಿರು ಬಿಟ್ಟ. ಸುತ್ತಲೂ ಮೇಕೆ. ಮೇಜಿನ ಮೇಲೆ ಒಂದು ಮೇಕೆ. ಎದುರು ಗೋಡೆಯ ಮೇಲೆ ಅಪ್ಪನ ಫೋಟೋ. ಆಗ ಅವನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯಿತು.

“ಒಳಗೆ ಬಂದಿದೀರಲ್ಲ ಭಾವ,” ಎಂದಳು ಎಲೆಂಗು. ಅಡುಗೆಗೆಂದು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಿಂದ ನಗುವ ಬಾಯಿ ಮುಚ್ಚಿಕೊಂಡಳು.

“ಬಂದಿಲ್ಲ. ಮೇಕೆ ತಂದೆ.”

ಅಷ್ಟರಲ್ಲಿ ಮಿರೊಫೋರಾ ಬಂದಳು, ಅವಳ ಹಿಂದೆ, ತೋಟದ ನೀರು ಕಟ್ಟಿ ಬಂದ ಕೋಕೋಸ್. ಕೋಕೋಸ್ ಹೊಸ್ತಿಲಲ್ಲೇ ನಿಂತು ಒಳಗಿನ ಸಭೆಯನ್ನು ನೋಡಿದ. ಟೋಪಿ ತೆಗೆದ.

“ಮೇಲಿಂದ ಫೋನ್ ಬಂತು. ಮಳೆ ನಿಂತಿದೆ. ನೀರೂ ನಿಂತಿದೆ. ಒಂದು ಗೇಣು ಉಳೀತು. ಇನ್ನು ಬೀಳಲ್ಲ ಅಂತ ಕಾಣತ್ತೆ. ಅವರೆಲ್ಲ ಮಾಂಸ ಇಟ್ಕೊಂಡು ಕೂತಿದಾರೆ. ಏನಂತ ಹೇಳ್ಲಿ?”

ಹೊರಗೆ ನಿಜವಾಗಿಯೂ ಮಳೆ ನಿಂತಿತ್ತು. ತೋಫೀಸನ ಮುಖ ಕೆಂಪಾಯಿತು. ಕೋಡಿ ಬಿದ್ದಿಲ್ಲ, ಅವನು ಹೊಸ್ತಿಲು ತುಳಿದಾಗಿದೆ. ಬಿದ್ದ ಮೇಲೂ ಹೋಗದಿದ್ದರೆ ಮಾತಿಗೆ ತಪ್ಪಿದಂತೆ ಎಂದುಕೊಂಡಿದ್ದವನು, ಬೀಳುವ ಮೊದಲೇ ಹೋಗಿ ಮಾತಿಗೆ ತಪ್ಪಿದ್ದ.

“ಕೋಡಿ ಬಿತ್ತು ಅಂತ ಹೇಳು,” ಎಂದ ಪಿಯೆರೀಸ್. ಅವನು ಬಕೆಟ್ಟಿನ ಮೇಲೆ ಕೂತು ಗಂಬೂಟಿನ ನೀರು ಬಗ್ಗಿಸುತ್ತಿದ್ದ.

“ಎಲ್ಲಿ ಬಿತ್ತು?” ಎಂದ ಕೋಕೋಸ್. “ನಾನು ನೀರಗಂಟಿ. ನಂಗೆ ಗೊತ್ತಿಲ್ದೆ ಬೀಳತ್ತಾ?”

“ಇವನ ಬದುವಲ್ಲಿ ಬಿತ್ತು. ನನ್ನ ಅಂಗಳದಲ್ಲಿ ನಿಂತಿರೋದು ಯಾವ ನೀರು? ಅಣೆಕಟ್ಟಿಂದು. ಉಕ್ಕಿ ಬಂತೋ ಇಲ್ವೋ? ಬಂತು. ಇನ್ನೇನು ಬೇಕು?”

ಕೋಕೋಸ್ ತಲೆ ಕೆರೆದುಕೊಂಡ. “ನೀರು ಅಣೆಕಟ್ಟಿಂದೇ, ಹೌದು. ಹೊರಟದ್ದು ನನ್ನ ಪೈಪಲ್ಲೇ.”

“ಮತ್ತೆ?”

ಇದು ತೋಫೀಸನನ್ನು ಉಳಿಸುವ ಮಾತು. ತಮ್ಮ ತಾನಾಗಿ ಎತ್ತಿ ಕೊಟ್ಟದ್ದು. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ತಗೊಳ್ಳುತ್ತಿದ್ದರು.

“ಬದು ಬೇರೆ, ಅಣೆಕಟ್ಟು ಬೇರೆ,” ಎಂದು ತೋಫೀಸ್ ಗುಡುಗಿದ. “ನಾನು ಅಣೆಕಟ್ಟು ಅಂದಿದ್ದೆ. ಎಲ್ಲಾರೂ ಕೇಳಿಸ್ಕೊಂಡಿದಾರೆ. ನೀನು ನಂಗೆ ಭಿಕ್ಷೆ ಹಾಕ್ಬೇಡ.”

“ಹಾಗಾದ್ರೆ ಹೋಗು. ಬಾಗ್ಲು ಅಲ್ಲಿದೆ.”

“ಹೋಗ್ತೀನಿ.”

“ಹೋಗೋ ಮುಂಚೆ ನಿನ್ನ ನೀರಿನಿಂದ ಒಳಗೆ ಬಂದ ಮೇಕೆನೆಲ್ಲ ಆಚೆ ಬಿಡು.”

“ಆಚೆ ಎಲ್ಲಿ ಬಿಡ್ಲಿ? ನೀರಿದೆಯಲ್ಲೋ!”

“ನಂಗೊತ್ತಿಲ್ಲ. ನೀರು ನಿಂದು.”

ಮಿರೊಫೋರಾ ಮತ್ತು ಎಲೆಂಗು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲೆಂಗು ಮೇಜಿನ ಮೇಲಿನ ಮೇಕೆಯನ್ನು ಇಳಿಸಿ, ಮೇಜು ಒರೆಸಿ, ಜಿವಾನಿಯಾ ಸಾರಾಯಿಯ ಬಾಟಲಿ ಇಟ್ಟಳು. ಯಾರಿಗೆ ಎಂದು ಹೇಳಲಿಲ್ಲ. ಕೋಕೋಸ್ ಒಂದು ಲೋಟ ಬಗ್ಗಿಸಿಕೊಂಡು, ಕುಡಿದು, ಊರಿಗೆ ಸುದ್ದಿ ಹೇಳಲು ಹೋದ.

ಮೇಲೆ ಆ ಸಂಜೆ ಮಾಂಸ ಸುಟ್ಟು ತಿಂದವರೆಲ್ಲ ಇದರ ಬಗ್ಗೆಯೇ ವಾದ ಮಾಡಿದರು. ಬದು ಕೋಡಿ ಬಿದ್ದರೆ ಅಣೆಕಟ್ಟೇ ಕೋಡಿ ಬಿದ್ದ ಹಾಗೆ ಎಂದು ಅರ್ಧ ಊರು, ಅಲ್ಲ ಎಂದು ಇನ್ನರ್ಧ. ಕೈಯಲ್ಲಿ ಮೇಕೆ ಇದ್ದರೆ ಕಾಲಿಟ್ಟದ್ದು ಲೆಕ್ಕಕ್ಕಿಲ್ಲ ಎಂದರು ಪಾದ್ರಿಗಳು. ಪಿಟೀಲಿನವನು ಕರೆಸಿದ್ದಕ್ಕೆ ಸುಮ್ಮನೆ ಎರಡು ಹಾಡು ನುಡಿಸಿ ಮನೆಗೆ ಹೋದ.

ಮರುದಿನ ಬಿಸಿಲು. ತೋಫೀಸ್ ಗುದ್ದಲಿ ತಗೊಂಡು ತಮ್ಮನ ಅಂಗಳಕ್ಕೆ ಇಳಿದ. ಬಿಳಿ ಅಂಗಿಯೂ ಇಲ್ಲ, ರೊಟ್ಟಿಯೂ ಇಲ್ಲ. ನಿಂತ ನೀರನ್ನು ಹೊಳೆಯ ಕಡೆ ಹೊರಡಿಸಬೇಕಿತ್ತು, ತನ್ನ ನೀರು ತನ್ನ ಕೆಲಸ ಎಂದು ಬಂದಿದ್ದ. ಪಿಯೆರೀಸ್ ಸನಿಕೆ ಹಿಡಿದು ಅಲ್ಲೇ ಇದ್ದ. ಇಬ್ಬರೂ ಕಾಲುವೆ ತೋಡತೊಡಗಿದರು. ಅಡುಗೆಮನೆಯಲ್ಲಿ ಮೇಕೆಗಳು ಪಾತ್ರೆ ಉರುಳಿಸುತ್ತಿದ್ದವು.

ಬಹಳ ಹೊತ್ತಿನ ಮೇಲೆ ತೋಫೀಸ್, ತೋಡುವುದನ್ನು ನಿಲ್ಲಿಸದೆ, ಕೇಳಿದ.

“ನಿಜವಾಗ್ಲೂ ಕೋಡಿ ಬಿದ್ದು, ನಾನು ಬಂದು ತಟ್ಟಿದ್ರೆ, ತೆಗೀತಿದ್ಯಾ?”

ಪಿಯೆರೀಸ್ ಸನಿಕೆ ಊರಿ ನಿಂತು ಯೋಚಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗೂ ಇರಲಿಲ್ಲ.

“ಇಲ್ಲ.”

ತೋಫೀಸ್ ತಲೆ ಆಡಿಸಿದ.

“ಎಲೆಂಗು ತೆಗೀತಿದ್ಲು,” ಎಂದ ಪಿಯೆರೀಸ್. “ನಾನು ದೊಡ್ಡೀಲಿ ಇರ್ತಿದ್ದೆ. ಆಮೇಲೆ ಚಳಿ ಆಯ್ತು ಅಂತ ಒಳಗೆ ಬರ್ತಿದ್ದೆ.”

“ಎಷ್ಟು ಹೊತ್ತಿಗೆ?”

“ಊರಿನವರೆಲ್ಲ ಹೋದ್ಮೇಲೆ.”

“ಹೂಂ,” ಎಂದ ತೋಫೀಸ್. ಗುದ್ದಲಿ ಎತ್ತಿದವನು ಹಾಗೇ ನಿಂತ. “ಅಲ್ಲಿ ಯಾಕೆ ತೋಡ್ತಿದೀಯ? ಅಲ್ಲಿ ತೋಡಿದ್ರೆ ನೀರು ವಾಪಸ್ ಮನೆಗೇ ಬರತ್ತೆ.”

“ನನ್ನ ನೆಲ, ನಂಗೊತ್ತು.”

“ನೀರು ನಂದು, ನಂಗೊತ್ತು. ಈ ಕಡೆ ತೋಡು, ಕತ್ತೆ.”

“ನೀನ್ ಕತ್ತೆ,” ಎಂದು ಪಿಯೆರೀಸ್ ಈ ಕಡೆಗೆ ಬಂದು ತೋಡತೊಡಗಿದ.